ಕೂಸು ಆಡಿಸಿದ ಸಾವುಕಾರ

ನಮ್ಮ ಮಾವನವರ ಎರಡೂ ಮೊಣಕಾಲಿನ ಮೇಲೆ ಚರ್ಮ ಕಪ್ಪಗೆ, ದಪ್ಪಗೆ, ಎತ್ತಿನ ಹೆಗಲಿನ ಹಾಗೆ ಗಡುಸಾಗಿತ್ತು. ಧೋತರ ಮೇಲೆತ್ತಿ ಕಟ್ಟಿ ಮನೆಮುಂದಿನ ಕಟ್ಟೆಯ ಮೇಲೆ ಕೂತಾಗ ಅದು ಎದ್ದು ಕಾಣುತ್ತಿತ್ತು. ನೋಡಿದವರು, "ಸಾವುಕಾರರು ದೇವರ ಮುಂದ ಮೊಣಕಾಲೂರಿ ಊರಿ ಹಿಂಗಾಗೈತಿ" ಅಂತ ತಾವೇ ಅರ್ಥ ಹಚ್ಚಿಕೊಂಡು ಕೈ ಮುಗಿದು ಹೋಗುತ್ತಿದ್ದರು. ದೇವರೂ ಇಲ್ಲ, ದಿಂಡರೂ ಇಲ್ಲ. ಅರವತ್ತು ದಾಟಿದ ಆ ದೊಡ್ಡ ದೇಹದ ಮನುಷ್ಯ ನನ್ನ ಮಗಳ ಹಿಂದೆ ಶಹಾಬಾದಿ ಕಲ್ಲಿನ ನೆಲದ ಮೇಲೆ ಅಂಬೆಗಾಲಿಟ್ಟು ತಿರುಗಿ ತಿರುಗಿ ಬಂದ ಗುರುತು ಅದು. ಕೇಳಿದವರಿಗೆಲ್ಲ ನಾನು ಹಾಗೇ ಹೇಳಿದ್ದೇನೆ. ಹೇಳುವಾಗ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ನಾಚಿಕೊಳ್ಳಬೇಕಾದವರು ಊರಲ್ಲಿ ಬೇರೆ ಇದ್ದರು.

ಅವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು. ಅಂಗಡಿ ಮಾರ್ಕೆಟ್ ಯಾರ್ಡಿನಲ್ಲಿ, ಮನೆ ಹಳೇ ಪೇಟೆಯ ಓಣಿಯಲ್ಲಿ. ಮೀಸೆ ಮೂಡುವ ಮೊದಲಿನಿಂದ ಅದೇ ಕಸುಬು. ರಾಶಿಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದು, ಹಿಸುಕಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಮುರಿದು, ಮೂಸಿ, "ಇನ್ನೂ ಹಸಿ ಐತಿ, ಬಿಸಲಿಗೆ ಹಾಕ್ರಿ" ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಹೊರ ಊರಿನ ಖರೀದಿದಾರರು ಮಾಲು ನೋಡುವ ಮೊದಲು ಇವರ ಮುಖ ನೋಡುತ್ತಿದ್ದರಂತೆ. ಬ್ಯಾಡಗಿ ಕಾಯಿಗೆ ಬರೇ ಬಣ್ಣ, ಖಾರ ಇಲ್ಲ ಅಂತ ಹೊರಗಿನವರು ಹೇಳುವುದುಂಟು. ಹೇಳುವವರು ಒಮ್ಮೆ ಕಾಯಿ ಮುರಿದ ಕೈಯಿಂದ ಕಣ್ಣು ಉಜ್ಜಿಕೊಂಡು ನೋಡಲಿ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಯಾರ್ಡಿನಿಂದ ಬಂದವರು ಹಿತ್ತಲ ಬಚ್ಚಲಿಗೆ ಹೋಗಿ, ಕೈಗೆ ಶೇಂಗಾ ಎಣ್ಣೆ ತಿಕ್ಕಿ, ಆಮೇಲೆ ಸಬಕಾರ ಹಚ್ಚಿ ತೊಳೆದ ಮೇಲೆಯೇ ಕೂಸು ಮುಟ್ಟಬೇಕು. ಬರೇ ನೀರಿಗೆ ಈ ಖಾರ ಬಗ್ಗುವುದಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಅಗಡಿಯಿಂದ. ರಾಣೆಬೆನ್ನೂರಿನ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ, ಮೂತ್ರ ತಪಾಸಣೆ ಮಾಡುವ ಕೆಲಸ ಮದುವೆಗೆ ಮೊದಲೇ ಹಿಡಿದಿದ್ದೆ. ಮುಂಜಾನೆ ಪ್ಯಾಸೆಂಜರ್ ಗಾಡಿ ಹತ್ತಿ ಹೋಗುವುದು, ಸಂಜೆ ಗಾಡಿಗೆ ಬರುವುದು. ಮಗಳು ಹುಟ್ಟಿದ ಮೇಲೂ ಕೆಲಸ ನಡೆದಿತ್ತು, ಯಾಕಂದರೆ ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಮಗಳು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಅತ್ತೆ ಹೋಗಿಬಿಟ್ಟರು. ಒಂದೇ ವಾರದ ಜಡ್ಡು.

ಅಲ್ಲಿಂದ ಶುರುವಾಯಿತು. ಮಾವನವರ ಅಕ್ಕ ಒಬ್ಬರಿದ್ದರು, ನಾನು ಅವರನ್ನು ದೊಡ್ಡತ್ತೆ ಅನ್ನುತ್ತಿದ್ದೆ. ನಮ್ಮ ಓಣಿಯಲ್ಲೇ ಮನೆ, ಗಂಡ ತೀರಿದ್ದರು, ಹೊತ್ತು ಹೋಗಲು ನಮ್ಮ ಮನೆ ಇತ್ತು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಅವರ ಬಾಯಿ ಮುಂದೆ ನಮ್ಮೂರಿನ ಮೆಣಸಿನಕಾಯಿ ಸಪ್ಪೆ. ಅತ್ತೆಯ ಕಾರ್ಯವೆಲ್ಲ ಮುಗಿದ ಮರುದಿನವೇ ನಡುಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ತೀರ್ಮಾನ ಹೇಳಿದರು.

"ನೋಡವಾ, ಹೆಣ್ಣುಮಗಳಿಲ್ಲದ ಮನಿ. ಇಲ್ಲಾ ಕೂಸಿನ್ನ ಅಗಡಿಗೆ ನಿಮ್ಮವ್ವನ ಕಡೆ ಬಿಡು, ಇಲ್ಲಾ ಕೆಲಸಾ ಬಿಡು. ಎರಡರಾಗ ಒಂದು."

ನನ್ನ ಗಂಡ ಬಾಗಿಲಿಗೆ ಒರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು. ಆ ಮನುಷ್ಯ ಆಗ ಹಾಗೇ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೂಸನ್ನು ಬಿಟ್ಟು ಇರಲಾರೆ. ಕೆಲಸವನ್ನು ನಾನು ಹೊಟ್ಟೆಬಟ್ಟೆಗಾಗಿ ಹಿಡಿದದ್ದಲ್ಲ, ಅದು ನನ್ನದು ಅಂತ ಹಿಡಿದದ್ದು.

ಆಗ ಪಡಸಾಲೆಯಿಂದ ದನಿ ಬಂತು. ನಮ್ಮಲ್ಲಿ ಸೊಸೆ ಮಾವನ ಎದುರು ಕೂಡುವುದಿಲ್ಲ, ಮಾವ ಸೊಸೆಯ ಮುಖ ನೋಡಿ ಮಾತಾಡುವುದಿಲ್ಲ. ಇವರಂತೂ ಚಹಾ ಬೇಕಾದರೂ "ಚಾ ಆಗೈತೇನು" ಅಂತ ಗೋಡೆಯನ್ನು ಕೇಳುತ್ತಿದ್ದರು. ಆವತ್ತೂ ನಮಗೆ ಬೆನ್ನು ಮಾಡಿಯೇ ಕೂತಿದ್ದರು.

"ನಾ ಅದೇನಿ."

"ನೀ ಅದಿ. ಅದಕ್ಕೇನೀಗ?" ಅಂದರು ದೊಡ್ಡತ್ತೆ.

"ಕೂಸಿನ್ನ ನಾ ನೋಡ್ಕೊಂತೀನಿ. ಅಂಗಡಿ ಮಗಾ ನೋಡ್ಕೊಂತಾನ. ಮಾಲಿಗೆ ದರ ಕಟ್ಟೂ ಟೆಂಡರ್ ದಿನ ಒಂದು ತಾಸು ನಾ ಹೋಗಿ ಬಂದ್ರಾತು."

ದೊಡ್ಡತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ನಗಲಿಲ್ಲ. ನನ್ನ ಸ್ವಂತ ಅಪ್ಪ ನನಗಾಗಿ ಅಂಥ ಮಾತು ಆಡಿರಲಿಲ್ಲ.

ಮೊದಮೊದಲು ಅವರಿಗೆ ಏನೇನೂ ಬರುತ್ತಿರಲಿಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಪುರಾಣವಾಗುತ್ತದೆ. ತಮ್ಮ ಹೆಂಡತಿ ನಾಲ್ಕು ಮಕ್ಕಳನ್ನು ಹೆತ್ತು, ಉಳಿದ ಒಂದನ್ನು ಬೆಳೆಸಿದಾಗ ಇವರು ಒಂದು ದಿನ ತೊಟ್ಟಿಲು ತೂಗಿದವರಲ್ಲ. ಕೂಸು ಅತ್ತರೆ "ಏ ಸುಮ್ಕಿರು" ಅಂತ ಹಮಾಲರಿಗೆ ಹೇಳುವ ಹಾಗೆ ಹೇಳಿದರು. ಕೂಸು ಇನ್ನಷ್ಟು ಅತ್ತಿತು. ಟಿ.ವಿ. ಮುಂದೆ ಕೂರಿಸಿದರು. ಅದು ತುಸು ಹೊತ್ತು ಬಿಟ್ಟ ಬಾಯಿ ಬಿಟ್ಟಂತೆ ನೋಡಿ, ಆಮೇಲೆ ದುಪ್ಪಟ್ಟು ಹಟ ಮಾಡಿತು. ಹುಬ್ಬಳ್ಳಿಗೆ ಹೋದವರ ಕೈಯಲ್ಲಿ ಸೆಲ್ಲು ಹಾಕಿದರೆ ತಮಟೆ ಬಾರಿಸುವ ಕರಡಿ ತರಿಸಿದರು. ಕರಡಿ ತಮಟೆ ಬಾರಿಸಿದ್ದೇ ತಡ ನನ್ನ ಮಗಳು ಹೆದರಿ ಉಚ್ಚೆ ಹೊಯ್ದುಕೊಂಡಳು. ಸಂಜೆ ನಾನು ಬಂದಾಗ ಕರಡಿ ಅಟ್ಟದ ಮೇಲಿತ್ತು, ಮಾವನವರು ಸೋತ ಮುಖ ಮಾಡಿ ಕಂಬಕ್ಕೆ ಒರಗಿದ್ದರು, ಕೂಸು ಅಡುಗೆಮನೆಯಲ್ಲಿ ಒಂದು ದಬರಿಯನ್ನು ಬೋರಲು ಹಾಕಿ ಸವಟಿನಿಂದ ಬಡಿಯುತ್ತ ತನ್ನಷ್ಟಕ್ಕೆ ನಗುತ್ತಿತ್ತು.

"ಯವ್ವಾ, ಇದಕ್ಕ ಆಟಗಿ ಬ್ಯಾಡಾಗೈತಿ," ಅಂದರು ಗೋಡೆಗೆ. "ನೀವೆಲ್ಲಾ ಮಾಡೂ ಕೆಲಸಾ ಬೇಕಾಗೈತಿ."

ಅಲ್ಲಿಂದ ಮುಂದೆ ಅವರಿಗೆ ದಾರಿ ಸಿಕ್ಕಿತು. ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ಒಡೆಯುವ ಸಾಮಾನು, ಚೂಪಿನ ಸಾಮಾನು ಒಂದೂ ಇಲ್ಲದಂತೆ ಮಾಡಿ, ಡಬ್ಬಿ, ಮುಚ್ಚಳ, ಮರದ ಸೌಟು, ಚಪಾತಿ ಲಟ್ಟಣಿಗೆ ಇಟ್ಟರು. ಯಾವ ಮುಚ್ಚಳ ಯಾವ ಡಬ್ಬಿಗೆ ಅನ್ನುವುದನ್ನು ಹುಡುಕುತ್ತ ಕೂಸು ಅರ್ಧ ಮುಂಜಾನೆ ಕಳೆಯುತ್ತಿತ್ತು. ರೊಟ್ಟಿ ಬಡಿಯುವಾಗ ಅದಕ್ಕೂ ಒಂದು ಉಂಡೆ ಹಿಟ್ಟು. ಒಣಗಿದ ಬಟ್ಟೆ ಮಡಿಸುವಾಗ ಕರವಸ್ತ್ರ ಅದರ ಪಾಲಿಗೆ. ಬೇಸಿಗೆಯಲ್ಲಿ ಬಚ್ಚಲ ಮನೆಯಲ್ಲಿ ಅಗಲ ಬೋಗುಣಿಗೆ ಗೇಣು ನೀರು, ಎರಡು ತಂಬಿಗೆ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಆದರೆ ನೀರಿನ ಆಟಕ್ಕೆ ಬಿಟ್ಟಾಗ ಮಾವನವರು ಎದುರಿಗೆ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಯಾರು ಬಂದು ಕರೆದರೂ ಏಳುತ್ತಿರಲಿಲ್ಲ. "ನೀರಿನ ಮುಂದ ಕೂಸು ಕುಂತಾಗ ದೊಡ್ಡ ಸಾಹೇಬ ಬಂದ್ರೂ ನಾ ಇಲ್ಲ ಅಂತ ಹೇಳ್ರಿ" ಅನ್ನುತ್ತಿದ್ದರು.

ವ್ಯಾಪಾರಸ್ಥನ ತಲೆ ಎಲ್ಲಿ ಹೋಗುತ್ತದೆ. ಇದ್ದ ಸಾಮಾನನ್ನೆಲ್ಲ ಒಮ್ಮೆಲೇ ಮುಂದೆ ಸುರಿಯುತ್ತಿರಲಿಲ್ಲ. ಇವತ್ತು ಡಬ್ಬಿ, ಲಟ್ಟಣಿಗೆ. ಉಳಿದದ್ದು ಬುಟ್ಟಿಯಲ್ಲಿ, ಬುಟ್ಟಿ ಮಂಚದ ಕೆಳಗೆ. ಕೂಸಿಗೆ ಇದು ಬೇಸರವಾಗುವ ಲಕ್ಷಣ ಕಂಡರೆ ಇದನ್ನು ಮುಚ್ಚಿಟ್ಟು ಅದನ್ನು ತೆಗೆಯುವುದು. "ಮಾಲು ಎಲ್ಲಾ ಒಮ್ಮಿಗೇ ಹೊರಗ ತಗದ್ರ ದರ ಬೀಳತೈತಿ" ಅಂತ ಅದಕ್ಕೊಂದು ಮಾತು. ಇನ್ನೊಂದು ಮಾತು ನನಗೆ ಹೇಳಿದ್ದು, ಕೂಸು ತಾನೇ ಆಡಿಕೊಳ್ಳುತ್ತಿದ್ದಾಗ ನಾನು ಮುದ್ದು ಬಂದು ಎತ್ತಿಕೊಳ್ಳಲು ಹೋದಾಗ. "ಈಗ ಮುಟ್ಟಬ್ಯಾಡವಾ. ಅದು ದುಡಿಯಾಕತ್ತೈತಿ." ನಾನು ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಇವತ್ತಿಗೂ ಯಾವ ಮಗು ಆಡುತ್ತಿದ್ದರೂ ನಡುವೆ ಬಾಯಿ ಹಾಕುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಆಟ ಚೀಲದ ಗಾಡಿ. ಖಾಲಿ ಗೋಣಿಚೀಲ, ಹೊಸದು, ಮೆಣಸಿನಕಾಯಿಯ ವಾಸನೆ ಕಾಣದ್ದು. ಅದನ್ನು ನೆಲಕ್ಕೆ ಹಾಸಿ ಕೂಸನ್ನು ಮೇಲೆ ಕೂರಿಸಿ, ಮುಂದಿನ ಎರಡು ತುದಿ ಹಿಡಿದು ತಾವು ಮೊಣಕಾಲಿನ ಮೇಲೆ ಹಿಂದಕ್ಕೆ ಹಿಂದಕ್ಕೆ ಎಳೆಯುವುದು. ನುಣುಪು ಕಲ್ಲಿನ ಮೇಲೆ ಸುರ್ ಅಂತ ಹೋಗುತ್ತಿತ್ತು. ಪಡಸಾಲೆ ಕಾಗಿನೆಲೆ, ನಡುಮನೆ ಬ್ಯಾಡಗಿ, ಅಡುಗೆಮನೆ ಹಾವೇರಿ. ಹಿತ್ತಲ ಬಾಗಿಲ ಹತ್ತಿರದ ಸಣ್ಣ ಕೋಣೆ ರಾಣೆಬೆನ್ನೂರು. "ರಾಣೆಬೆನ್ನೂರ, ರಾಣೆಬೆನ್ನೂರ, ಇಳೀರಿ ಲಗೂ ಲಗೂ!" ಅಂತ ಕೂಗುವುದು, ಅಲ್ಲಿ ಇಳಿದು ಗೋಡೆಗೆ ಕೈ ಹಚ್ಚಿ ಮತ್ತೆ ಗಾಡಿ ಹತ್ತಿ ಬ್ಯಾಡಗಿಗೆ ಬರುವುದು. ದಿನಾ ಇದು. ಯಾಕೆ ಆ ಕೋಣೆಗೆ ರಾಣೆಬೆನ್ನೂರು ಅಂತ ಹೆಸರು ಅಂದರೆ ಹೇಳಿದರು: "ಅವ್ವ ಹೋಗೂ ಊರು ಮನಿಯಾಗ ಇದ್ರ ಕೂಸಿಗೆ ಅಂಜಿಕಿ ಆಗೂದಿಲ್ಲ. ಹೋದವರು ಹೊಳ್ಳಿ ಬರ್ತಾರ ಅಂತ ಗೊತ್ತಾಗತೈತಿ." ಮುಂಜಾನೆ ನಾನು ಹೊರಟಾಗ ಮಗಳು ಅಳುವುದನ್ನು ಬಿಟ್ಟಳು. "ಅವ್ವಾ, ಇಳಿ ಲಗೂ" ಅನ್ನುವುದನ್ನು ಕಲಿತಳು. ನಾನು ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತದ್ದು ಬೇರೆ ಮಾತು. ಅದು ದುಃಖದ್ದಲ್ಲ.

ಊರು ಸುಮ್ಮನಿರುತ್ತದೆಯೇ? ಯಾರ್ಡಿನ ಚಹಾದಂಗಡಿಯಲ್ಲಿ, "ಸಾವುಕಾರ್ರು ಈಗ ಕುಬಸಾ ಹೊಲಿಸ್ಕೊಂಡಾರಂತ" ಅಂತ ಚೇಷ್ಟೆ ಹುಟ್ಟಿತು. ಅದು ನನ್ನ ಗಂಡನ ಕಿವಿಗೂ ಬಿತ್ತು. ಮನೆಗೆ ಬಂದು ನೆಲ ನೋಡುತ್ತ, "ಅಪ್ಪಾ, ಮುಂದಿನ ಬಾಗಿಲರೆ ಹಾಕ್ಕೋರಿ. ಹೋಗೋರು ಬರೋರು ನೋಡ್ತಾರ" ಅಂದರು.

ಮಾವನವರು ಎದ್ದು ಹೋದರು. ಅದುವರೆಗೆ ಒಂದೇ ಕದ ತೆರೆದಿರುತ್ತಿತ್ತು, ಇನ್ನೊಂದನ್ನೂ ತೆಗೆದರು. "ನೋಡ್ಲಿ. ಮೆಣಸಿನಕಾಯಿ ಚೀಲಾ ಹೊತ್ತರ ಗಂಡಸು, ಮೊಮ್ಮಗಳನ್ನ ಹೊತ್ತರ ಹೆಂಗಸು? ಇದು ಯಾವ ಊರಿನ ತಕ್ಕಡಿಯೋ?" ಅಂದರು. ಅವತ್ತಿನಿಂದ ಎರಡೂ ಕದ ದಿನವಿಡೀ ಹಾರುಹೊಡೆದೇ ಇರುತ್ತಿದ್ದವು.

ಒಂದು ರವಿವಾರ ನಾನೂ ಮನೆಯಲ್ಲಿದ್ದೆ. ಮಗಳು ನನ್ನ ಟಿಕಳಿ ಪಾಕೀಟು ಹಿಡಿದು ಅಜ್ಜನನ್ನು ಸಿಂಗಾರ ಮಾಡಲು ಕೂತಿದ್ದಳು. ಹಣೆಗೊಂದು, ಗಲ್ಲಕ್ಕೊಂದು, ಮೂಗಿನ ತುದಿಗೊಂದು. ಆಗಲೇ ಇಬ್ಬರು ದೊಡ್ಡ ಖರೀದಿದಾರರು ಮಾತಿಗೆ ಅಂತ ಬಂದರು. ನಾನು ಒಳಗಿನಿಂದ ಕೆಮ್ಮಿದೆ, ಸನ್ನೆ ಮಾಡಿದೆ. ಮಾವನವರು ಎದ್ದು, ಮೂಗಿನ ಮೇಲೆ ಕೆಂಪು ಟಿಕಳಿ ಇಟ್ಟುಕೊಂಡೇ, "ಬರ್ರಿ, ಕುಂದ್ರಿ" ಅಂತ ಗಂಭೀರವಾಗಿ ಕರೆದರು. ಬಂದವರಲ್ಲಿ ಒಬ್ಬರು ನಗು ತಡೆಯಲಾರದೆ, "ಸಾವುಕಾರ್ರ, ಮಾರಿ ಮ್ಯಾಲೆ ಏನೋ ಐತ್ರಿ" ಅಂದರು.

"ಐತಿ. ನಮ್ಮ ಸಾವಕಾರ್ತಿ ಹಚ್ಯಾಳ. ತಗೀಬೇಕಾದ್ರ ಆಕೀನ್ನ ಕೇಳಬೇಕಾಕ್ಕೈತಿ," ಅಂದವರೇ ಮಾಲಿನ ಮಾತಿಗೆ ಇಳಿದರು. ಅವರು ಹೋಗುವವರೆಗೂ ಟಿಕಳಿ ತೆಗೆಯಲಿಲ್ಲ. ನಾನು ಒಳಗೆ ಗೋಡೆ ಹಿಡಿದು ನಕ್ಕು ನಕ್ಕು ಸುಸ್ತಾದೆ. ಹಾಗೇ ಇರಲಿ ಅಂತ ಅನ್ನಿಸಿತು. ಇನ್ನೂ ನಾಲ್ಕು ಜನ ಬಂದು ನೋಡಲಿ ಅಂತಲೂ ಅನ್ನಿಸಿತು.

ಆದರೆ ಆಡಿಕೊಳ್ಳುವವರ ಮುಂದೆ ಎಡವಿ ಬೀಳುವ ದಿನವೂ ಬಂತು.

ಸುಗ್ಗಿಯ ದಿನಗಳು, ಟೆಂಡರಿನ ದಿನ. ನನ್ನ ಗಂಡನಿಗೆ ಜ್ವರ, ಮಲಗಿದ್ದರು. ಮಾವನವರು ಮೊಮ್ಮಗಳನ್ನು ದೊಡ್ಡತ್ತೆಯ ಹತ್ತಿರ ಬಿಟ್ಟು ಯಾರ್ಡಿಗೆ ಹೋದರು. ತಾಸು ಅಂದದ್ದು ಮಧ್ಯಾಹ್ನ ದಾಟಿತು. ಅಜ್ಜ ಕಾಣದೆ ಮಗಳು ಹಟ ಹಿಡಿದು ಅಳುತ್ತಿದ್ದಳಂತೆ. ಅಳು ಓಣಿಯ ತುದಿಗೇ ಕೇಳಿಸಿರಬೇಕು. ಮಾವನವರು ಅವಸರದಿಂದ ಹಿತ್ತಲಿಂದ ಬಂದು, ಕೈಗೆ ಎಣ್ಣೆ ತಿಕ್ಕಿ, ಸಬಕಾರ ಹಚ್ಚಿ, ಎರಡೆರಡು ಸಲ ತೊಳೆದು, ಮೂಸಿ ನೋಡಿ, ಆಮೇಲೆಯೇ ಕೂಸನ್ನು ಎತ್ತಿಕೊಂಡರು. ಕಟ್ಟಳೆ ತಪ್ಪಲಿಲ್ಲ. ಎತ್ತಿಕೊಂಡು, "ಯಾಕ ನನ್ನ ಸಾವಕಾರ್ತಿ, ಯಾಕ" ಅನ್ನುತ್ತ, ಹೆಗಲ ಮೇಲಿನ ಟವೆಲಿನಿಂದ ಅದರ ಕಣ್ಣೀರು ಒರೆಸಿದರು.

ಆ ಟವೆಲು ಮುಂಜಾನೆಯಿಂದ ಯಾರ್ಡಿನಲ್ಲಿ ಅವರ ಹೆಗಲ ಮೇಲೇ ಇತ್ತು. ಕೈ ಒರೆಸಿದ್ದೂ ಅದಕ್ಕೇ, ಕಾಯಿಯ ಪುಡಿ ಝಾಡಿಸಿದ್ದೂ ಅದರಿಂದಲೇ.

ಕೂಸು ಚೀರಿದ್ದು ಹೇಗಿತ್ತೆಂದು ಓಣಿಯವರು ಇವತ್ತಿಗೂ ಹೇಳುತ್ತಾರೆ. ಅಕ್ಕಪಕ್ಕದವರು ಓಡಿ ಬಂದರು. ಒಬ್ಬರು ನೀರು ಅಂದರು, ಒಬ್ಬರು ಹಾಲು ಅಂದರು. ಜ್ವರದಲ್ಲಿದ್ದ ನನ್ನ ಗಂಡ ಎದ್ದು ಕೂಸನ್ನು ಕಸಿದುಕೊಂಡು ಡಾಕ್ಟರ ಹತ್ತಿರ ಓಡಿದರು. ಡಾಕ್ಟರರು ಕಣ್ಣು ತೊಳೆದು, ಔಷಧ ಬಿಟ್ಟು, "ಕಣ್ಣಿಗೇನೂ ಆಗಿಲ್ಲ, ಉರಿ ಕಡಿಮಿ ಆಕ್ಕೈತಿ" ಅಂದರಂತೆ. ಸಂಜೆ ಗಾಡಿ ಇಳಿದು ನಾನು ಓಣಿಗೆ ಕಾಲಿಡುವಾಗಲೇ ಇಬ್ಬರು ಹೆಂಗಸರು ಸುದ್ದಿ ಹೇಳಿದರು. ಮನೆಗೆ ಹೇಗೆ ಓಡಿದೆನೋ ನೆನಪಿಲ್ಲ. ಮಗಳ ಕಣ್ಣು ಟೊಮೇಟೊ ಆಗಿದ್ದವು. ಅಳುವ ಶಕ್ತಿಯೂ ತೀರಿ ಬಿಕ್ಕುತ್ತ ಮಲಗಿದ್ದಳು.

ದೊಡ್ಡತ್ತೆ ಕಾಯುತ್ತಿದ್ದರು. ಓಣಿಯ ನಾಲ್ಕು ಹೆಂಗಸರೂ ಇದ್ದರು.

"ಅವತ್ತ ಹೇಳಿದ್ನೋ ಇಲ್ಲೋ? ಗಂಡಸಿನ ಕೈಯಾಗ ಕೂಸು ಕೊಟ್ರ ಹಿಂಗ ಆಗೂದು. ಕಣ್ಣು ಹೋಗಿದ್ರ ಈ ಹೆಣ್ಣ ಕೂಸಿನ್ನ ಯಾರು ಮದಿವಿ ಆಗ್ತಿದ್ರು? ಇವತ್ತ ಹೇಳಿಬಿಡು. ಅಗಡಿಯೋ, ಕೆಲಸಾ ಬಿಡೂದೋ?"

ನನ್ನ ಧೈರ್ಯ ಮುಗಿದಿತ್ತು. ಮಗಳ ಆ ಮುಖ ನೋಡಿದ ಮೇಲೆ ಯಾವ ತಾಯಿಗೆ ಕೆಲಸ ಬೇಕು? "ಬಿಡ್ತೀನ್ರಿ. ನಾಳಿಗೇ ಬಿಡ್ತೀನಿ," ಅಂದೆ.

ಮಾವನವರು ಬೇರೆ ಧೋತರ ಉಟ್ಟು ಮೂಲೆಯಲ್ಲಿ ಬರೇ ಮೈಯಲ್ಲಿ ಕೂತಿದ್ದರು. ಯಾರ್ಡಿನ ಅಂಗಿ, ಧೋತರ, ಆ ಟವೆಲು ಹಿತ್ತಲಲ್ಲಿ ಗಂಟು ಬಿದ್ದಿದ್ದವು. ಅಲ್ಲಿಂದ ಎದ್ದು ಬಂದು ನನ್ನ ಎದುರಿಗೆ ನಿಂತರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಕಣ್ಣಲ್ಲಿ ನೀರಿತ್ತು.

"ನೀ ಯಾಕ ಬಿಡ್ತಿ, ಯವ್ವಾ? ತಪ್ಪು ಮಾಡಿದಾಂವ ನಾನು. ಬಿಡೂದು ನಾ ಬಿಡ್ತೀನಿ."

"ನೀ ಏನು ಬಿಡ್ತೀಯೋ ತಮ್ಮಾ?" ಅಂದರು ದೊಡ್ಡತ್ತೆ.

"ಯಾರ್ಡು. ಇವತ್ತಿನಿಂದ ನಾ ಮೆಣಸಿನಕಾಯಿ ಮುಟ್ಟೂದಿಲ್ಲ."

ಬ್ಯಾಡಗಿಯಲ್ಲಿ ಅಂಥ ಕೈಯ ಮನುಷ್ಯ ಆ ಮಾತು ಆಡಿದರೆ ಏನರ್ಥ ಅಂತ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ದೊಡ್ಡತ್ತೆ, "ಹುಚ್ಚ ಹಿಡದೈತೇನು ನಿನಗ! ಆ ಕೈಯಿಂದ ಹೆಸರು ಗಳಿಸೀದಿ!" ಅಂತ ಚೀರಿದರು.

"ಹೆಸರು ಸಾಕಷ್ಟ ಆತು, ಅಕ್ಕಾ. ಕೂಸಿನ ಕಣ್ಣು ಎರಡ ಅದಾವ."

ಮಾತು ಆಡಿದ ಹಾಗೇ ನಡೆದರು. ಯಾರ್ಡಿನ ಬಟ್ಟೆ ಇನ್ನು ಹೊಸ್ತಿಲು ದಾಟಬಾರದೆಂದರು. ನನ್ನ ಗಂಡ ಹಿತ್ತಲಲ್ಲೇ ಜಳಕ ಮಾಡಿ, ಬಟ್ಟೆ ಬದಲಿಸಿ ಒಳಗೆ ಬರಬೇಕಾಯಿತು. ಸುಗ್ಗಿ ಮುಗಿಯುವವರೆಗೆ ಹಳೆಯ ಗಿರಾಕಿಗಳು ಮಾದರಿ ಕಾಯಿ ಹಿಡಿದು ಮನೆತನಕ ಬಂದರು. "ಒಂದ ಸಲ ಹಿಡದು ನೋಡಿ ಹೇಳ್ರಿ, ಮುಟ್ಟಿದ ಕೂಡ್ಲೇ ತೊಳ್ಕೊಳ್ರಿ" ಅಂತ ಬೇಡಿಕೊಂಡರು. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, "ಕಣ್ಣಿಲೆ ನೋಡಿ ಹೇಳ್ತೀನಿ. ಕೈ ಮಾತ್ರ ಕೇಳಬ್ಯಾಡ್ರಿ. ಅದನ್ನ ಕೂಸಿಗೆ ಕೊಟ್ಟಾಗೈತಿ" ಅನ್ನುತ್ತಿದ್ದರು. ಬರಬರುತ್ತ ಬರುವವರು ಕಡಿಮೆಯಾದರು. ಯಾರ್ಡಿನಲ್ಲಿ ಹೊಸ ಕೈಗಳು ಹೆಸರು ಮಾಡಿದವು. ಅದರ ನೋವು ಅವರಿಗೆ ಇರಲಿಲ್ಲ ಅಂತ ನಾನು ಹೇಳಲಾರೆ. ಟೆಂಡರಿನ ದಿನ ಘಾಟು ಗಾಳಿಯಲ್ಲಿ ತೇಲಿ ಬಂದಾಗ ಮೂಗು ಮೇಲೆತ್ತಿ, "ಛಲೋ ಮಾಲು ಬಂದೈತಿ" ಅಂತ ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಮಗಳು ಗೋಣಿಚೀಲ ಎಳೆದುಕೊಂಡು ಬಂದು ಮುಂದೆ ಹಾಕಿದರೆ ಮತ್ತೆ ಮೊಣಕಾಲೂರುತ್ತಿದ್ದರು.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಮಗ ಹುಟ್ಟಿದ. ದೊಡ್ಡತ್ತೆ ಸಕ್ಕರೆ ಹಂಚಿದರು. ಅವನಿಗೆ ವರ್ಷ ತುಂಬಿದ ಮೇಲೆ ದಬರಿ ಸವಟುಗಳು ಹೊರಬಿದ್ದದ್ದನ್ನು ಕಂಡು ಮೂಗು ಮುರಿದರು. "ಗಂಡ ಕೂಸಿಗೂ ಅಡಗಿಮನಿ ಸಾಮಾನ ಕೊಡ್ತೀಯೇನೋ?"

"ಯಾಕ, ಇಂವ ಉಣ್ಣೂದಿಲ್ಲೇನು?" ಅಂದರು ಮಾವನವರು.

ಅಷ್ಟರಲ್ಲಿ ಅವರಿಗೆ ದಮ್ಮು ಹತ್ತುತ್ತಿತ್ತು. ಹಾವೇರಿಯ ಡಾಕ್ಟರು ಎದೆ ದುರ್ಬಲವಾಗಿದೆ ಅಂದರು. ನಾನು ರಜೆ ಹಾಕುತ್ತೇನೆ ಅಂದಾಗ ಸಿಟ್ಟಾದರು. "ನೀ ರಜಾ ಹಾಕಿದ್ರ ಓಣಿಯಾಗ ನಾ ಸೋತಂಗ. ಗಾಡಿ ಬರೂ ಹೊತ್ತಾತು, ನಡಿ." ಅವರು ನನಗೆ ಆಡಿದ ಕೊನೆಯ ದೊಡ್ಡ ಮಾತು ಅದೇ. ಅದೇ ವಾರ ಒಂದು ಮುಂಜಾನೆ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಆಗ ಅವರ ತೊಡೆಯ ಪಕ್ಕದಲ್ಲಿ ನನ್ನ ಮಗ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅಜ್ಜ ಮಲಗಿದ್ದಾರೆ ಅಂದುಕೊಂಡು ಸದ್ದು ಮಾಡದೆ ಪೇರಿಸುತ್ತಿದ್ದ.

ಯಾರ್ಡಿನವರೆಲ್ಲ ಬಂದರು. ಕುಬಸದ ಚೇಷ್ಟೆ ಮಾಡಿದವರೂ ಬಂದು ಹಾರ ಹಾಕಿ, "ಎಂಥಾ ಕೈ ಇತ್ತು" ಅಂತ ಹಲುಬಿದರು. ನಾನು ಒಳಗಿಂದ ಕೇಳಿದೆ. ಎಂಥ ಕೈ ಇತ್ತು ಅಂತ ನಿಮಗೇನು ಗೊತ್ತು ಅಂತ ಕೂಗಬೇಕೆನ್ನಿಸಿತು.

ಕಾರ್ಯ ಮುಗಿದು ಬಂಧುಬಳಗ ಚದುರಿದ ಮೇಲೆ ದೊಡ್ಡತ್ತೆ ನಡುಮನೆಯಲ್ಲಿ ಬಂದು ಕೂತರು. ತಮ್ಮನಿಗಾಗಿ ಅತ್ತು ಅತ್ತು ಅವರ ದನಿ ಒಡೆದಿತ್ತು, ಆದರೂ ಮಾತು ಅದೇ. "ನಾ ಅದೇನಿ ಅನ್ನಾಂವ ಹ್ವಾದ. ಈಗರೆ ಬಿಡ್ತಿಯೋ ಇಲ್ಲೋ?" ಇಷ್ಟು ವರ್ಷ ನನ್ನ ಹಟಕ್ಕೆ ಬೆನ್ನೆಲುಬು ಬೇರೆಯವರದಿತ್ತು ಅಂತ ಅವತ್ತು ತಿಳಿಯಿತು. ಮಗ ಇನ್ನೂ ತೊದಲು ಮಾತಿನವ. ನನ್ನ ರಜೆ ಮುಗಿದಿತ್ತು. ಆದರೂ ಮರುದಿನ ಮುಂಜಾನೆ ಎದ್ದು ಬುತ್ತಿ ಡಬ್ಬಿ ಕಟ್ಟಿಕೊಂಡೆ. ಕಟ್ಟಿಕೊಂಡು, ಹೊಸ್ತಿಲ ಹತ್ತಿರ ನಿಂತೆ. ಮಗ ಸೆರಗು ಹಿಡಿದು ಜೋತುಬಿದ್ದು ಅಳುತ್ತಿದ್ದ. ದೊಡ್ಡತ್ತೆ ಬಾಗಿಲಲ್ಲಿ ಕೂತು ನಾನು ಏನು ಮಾಡುತ್ತೇನೆಂದು ನೋಡುತ್ತಿದ್ದರು.

ಟೆಂಡರಿನ ದಿನ ಅದು. ನನ್ನ ಗಂಡ ಜಳಕ ಮಾಡಿ ಬಂದರು. ಯಾರ್ಡಿನ ಬಟ್ಟೆ ಹಾಕಿಕೊಂಡಿರಲಿಲ್ಲ, ಲುಂಗಿ ಬನಿಯನ್ನಿನಲ್ಲೇ ಇದ್ದರು. ಮೊಬೈಲು ಬಡಿದುಕೊಳ್ಳುತ್ತಿತ್ತು. ಎತ್ತಿ, "ಇವತ್ತ ನಾ ಬರೂದಿಲ್ಲ. ಇನ್ನ ಮ್ಯಾಲೂ ಮುಂಜಾನಿ ಬರೂದಿಲ್ಲ. ಮಾಲಿನ ಮುಂದ ಒಬ್ಬಾಂವನ್ನ ಇಡ್ತೀನಿ" ಅಂದು ಇಟ್ಟರು. ಬಂದು ನನ್ನ ಸೆರಗಿನಿಂದ ಮಗನ ಬೆರಳು ಒಂದೊಂದಾಗಿ ಬಿಡಿಸಿ, ಎತ್ತಿಕೊಂಡು, ನೆಲದ ಮೇಲೆ ಕೂತರು. ಹೇಗೆ ಕೂರಬೇಕೆಂದೂ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಒಂದು ಕಾಲು ಅತ್ತ, ಒಂದು ಕಾಲು ಇತ್ತ. ಕೂಸು ಕೊಸರಿಕೊಂಡು ಚೀರಾಡುತ್ತಿತ್ತು. ಒಂದು ಮುಚ್ಚಳ ಕೊಟ್ಟರು, ಅದು ಎಸೆಯಿತು. ಇನ್ನೊಂದು ಕೊಟ್ಟರು, ಅದನ್ನೂ ಎಸೆಯಿತು.

"ಅಳಲಿ. ನೀ ನಡಿ, ಗಾಡಿ ತಪ್ಪತೈತಿ," ಅಂದರು ನನಗೆ.

ದೊಡ್ಡತ್ತೆ ತಲೆಯ ಮೇಲೆ ಕೈ ಹೊತ್ತರು. "ಅಯ್ಯ ಶಿವನ! ನೀನೂ ನಿಮ್ಮಪ್ಪನಂಗ ಆದೇನೋ?"

ನನ್ನ ಗಂಡ ಮೂರನೆಯ ಮುಚ್ಚಳಕ್ಕೆ ಕೈ ಚಾಚಿದ್ದರು. ತಲೆ ಎತ್ತದೆ ಹೇಳಿದರು:

"ಇನ್ನೂ ಆಗಿಲ್ಲ, ಅತ್ತಿ. ಆಗಬೇಕಂತ ಕುಂತೇನಿ."

ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟೇಶನ್ನಿನ ಕಡೆ ನಡೆದೆ. ಕೆಲಸ ನನಗೆ ಉಳಿಸಿಕೊಟ್ಟವರು ಮಾವನವರು, ಮಕ್ಕಳನ್ನು ನನ್ನ ಮಡಿಲಲ್ಲೇ ಉಳಿಸಿದವರು ಅವರು. ಗಂಡ ಅಂತ ಒಬ್ಬನನ್ನು ಕೊಟ್ಟವರೂ ಅವರೇ, ಮದುವೆಯಾಗಿ ಇಷ್ಟು ವರ್ಷದ ಮೇಲೆ.